ಪರದೇಶವಾಸವೂ ವಿಹಾರಧರ್ಮವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ವಿದ್ಯಾವಂತ ಕುಟುಂಬಗಳಲ್ಲಿ ಮಗನಾಗಲಿ, ಮಗಳಾಗಲಿ, ಅಣ್ಣತಮ್ಮಂದಿರ ಮಕ್ಕಳಾಗಲಿ ಪರಸ್ಥಳದಲ್ಲಿಲ್ಲದ ಮನೆಯು ಈಗ ಅಪರೂಪವೆಂದೇ ಹೇಳಬೇಕು. ಹಿಂದೆ ಪರಸ್ಥಳವೆಂದರೆ ತುಮಕೂರು, ಬೆಂಗಳೂರು, ಹೆಚ್ಚೆಂದರೆ ಮುಂಬಯಿ. ಈಗ ಇಂಗ್ಲೆಂಡು, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಗಳೂ ಆ ಮಾತಿನಲ್ಲಿ ಅಡಕವಾಗಿವೆ. ಆ ದೇಶಗಳಲ್ಲಿ ಐದು ದಿನ ದುಡಿದ ಮೇಲೆ ಶನಿವಾರ ಭಾನುವಾರಗಳೆರಡೂ ಬಿಡುವು. ಆ ಬಿಡುವಿನಲ್ಲಿ ಇವರು ಮನೆಯಲ್ಲಿ ಕೂರುವುದಿಲ್ಲ. ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತುವರು, ಅಡವಿಯಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವರು, ಸರೋವರಗಳಲ್ಲಿ ದೋಣಿ ನಡೆಸುವರು, ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಆಡುವರು. ಅದರ ಛಾಯಾಚಿತ್ರಗಳು ಅಂದೇ ಮೊಬೈಲಿನ ಮೂಲಕ ಊರಿನ ಹಿರಿಯರ ಕೈ ಸೇರುವುವು.

ಆ ಚಿತ್ರಗಳನ್ನು ಕಂಡ ತಂದೆತಾಯಿಗಳ ಮನಸ್ಸು ಎರಡಾಗುವುದುಂಟು. ಮಕ್ಕಳೂ ಮೊಮ್ಮಕ್ಕಳೂ ನಗುನಗುತ್ತ ಆರೋಗ್ಯವಾಗಿರುವರೆಂಬ ಸಂತೋಷವು ಒಂದು ಕಡೆ. ಎರಡು ದಿವಸ ಪರರ ಬೆಟ್ಟ ಸುತ್ತುವುದಕ್ಕೆ ಪುರಸತ್ತಿರುವವನಿಗೆ ತಾಯಿಯೊಡನೆ ಅರ್ಧ ಗಂಟೆ ಮಾತನಾಡುವುದಕ್ಕೆ ಪುರಸತ್ತಿಲ್ಲವಲ್ಲ ಎಂಬ ಸಣ್ಣ ನೋವು ಇನ್ನೊಂದು ಕಡೆ. ಈ ನೋವನ್ನು ಬಹುಮಂದಿ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತ ಮಕ್ಕಳ ಮನಸ್ಸೂ ನಿರಾತಂಕವಾಗಿರುವುದೆಂದು ಭಾವಿಸತಕ್ಕುದಲ್ಲ. ಪರದೇಶದ ಗಿರಿಶಿಖರದಲ್ಲಿ ಕುಳಿತು ಊಟ ಬಿಚ್ಚುವಾಗ, ಊರಿನಲ್ಲಿ ತಂದೆ ಒಬ್ಬನೇ ಆಸ್ಪತ್ರೆಯ ಸಾಲಿನಲ್ಲಿ ಕುಳಿತಿರಬಹುದೆಂಬ ನೆನಪು ಬಂದು ತುತ್ತು ಗಂಟಲಲ್ಲಿ ನಿಲ್ಲುವುದು ಅವರಿಗೂ ಅನುಭವವೇ. ಹೀಗೆ ಎರಡು ಕಡೆಯೂ ಮೌನವಾಗಿರುವ ಈ ವಿಷಯವನ್ನು ಧರ್ಮದೃಷ್ಟಿಯಿಂದ ಪರಾಮರ್ಶಿಸುವುದು ಅನುಚಿತವಲ್ಲ. ಪರದೇಶದಲ್ಲಿ ವಾಸವಾಗಿರುವವನು ಬಿಡುವಿನ ದಿನಗಳಲ್ಲಿ ಆ ದೇಶದ ಗಿರಿವನಗಳಲ್ಲಿ ವಿಹರಿಸುವುದು ಯುಕ್ತವೇ? ಯುಕ್ತವಾದರೆ ಯಾವ ನಿಯಮಕ್ಕೆ ಒಳಪಟ್ಟು? ಇದೇ ಇಲ್ಲಿಯ ಪ್ರಶ್ನೆ.

ಮೊದಲು ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳಬೇಕು. ಈಗಿನ ಮಾತಿನಲ್ಲಿ ಪ್ರವಾಸಿಯೆಂದರೆ ಊರು ನೋಡಲು ಬಂದವನು. ಸಂಸ್ಕೃತದಲ್ಲಿ ಪ್ರವಾಸವೆಂದರೆ ಮನೆಯಿಂದ ದೂರವಾಗಿ ವಾಸಮಾಡುವುದು. ಅದರಲ್ಲಿ ಅಗಲಿಕೆಯ ಅರ್ಥವು ಮುಖ್ಯ, ನೋಟದ ಅರ್ಥವು ಗೌಣ. ಇಲ್ಲಿ ಆ ಹಳೆಯ ಅರ್ಥವೇ ವಿವಕ್ಷಿತವು. ವಿಹಾರವೆಂಬ ಪದವೂ ಹೀಗೆಯೇ ಅಗಲವಾದುದು. ಅದು ಕ್ರೀಡೆಯೂ ಹೌದು, ಸಂಚಾರವೂ ಹೌದು. ಬೌದ್ಧರಲ್ಲಿ ಭಿಕ್ಷುಗಳ ವಾಸಸ್ಥಾನಕ್ಕೂ ಅದೇ ಹೆಸರು. ವೈದ್ಯಶಾಸ್ತ್ರವು ಆಹಾರ ವಿಹಾರಗಳನ್ನು ಜೊತೆಯಾಗಿ ಹೇಳಿ, ಎರಡರ ವೈಷಮ್ಯದಿಂದಲೂ ರೋಗ ಹುಟ್ಟುವುದೆನ್ನುವುದು. ಗೀತೆಯ ಆರನೆಯ ಅಧ್ಯಾಯವು ಯೋಗವು ದುಃಖವನ್ನು ನೀಗಬೇಕಾದರೆ ಆಹಾರ ವಿಹಾರಗಳೆರಡೂ ಹದವಾಗಿರಬೇಕೆಂದು ಉಪದೇಶಿಸುವುದೇ ಹೊರತು ವಿಹಾರವನ್ನು ಬಿಡಬೇಕೆಂದು ಹೇಳುವುದಿಲ್ಲ. ಆದುದರಿಂದ ವಿಹಾರವೆಂದ ಮಾತ್ರಕ್ಕೆ ಅದು ಭೋಗಲಾಲಸೆಯೆಂದು ತಳ್ಳಿಹಾಕುವುದಕ್ಕೆ ಶಾಸ್ತ್ರದ ಆಧಾರವಿಲ್ಲ.

ಬಿಡುವೆಂಬುದು ಪಶ್ಚಿಮದವರ ಕಲ್ಪನೆ, ನಮ್ಮ ಹಿರಿಯರಿಗೆ ಅದು ತಿಳಿಯದೆಂದು ಕೆಲವರು ಭಾವಿಸುವರು. ಇದು ಸರಿಯಲ್ಲ. ಪಾಠಶಾಲೆಗಳಲ್ಲಿ ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು. ಅಷ್ಟೇ ಅಲ್ಲದೆ ಅಕಾಲದ ಗುಡುಗು ಸಿಡಿಲು, ದೂಳೆಬ್ಬಿಸುವ ಬಿರುಗಾಳಿ, ಮಂಜು ಮುಸುಕಿದ ಹೊತ್ತು ಇವುಗಳಲ್ಲಿಯೂ ವೇದಪಾಠವನ್ನು ನಿಲ್ಲಿಸಬೇಕೆಂದು ಸ್ಮೃತಿಕಾರರು ವಿಧಿಸಿರುವರು. ಶಿಷ್ಟನಾದ ಅತಿಥಿಯು ಮನೆಗೆ ಬಂದರೂ ಅನಧ್ಯಯನವೇ. ರೈತರಲ್ಲಿ ಸೋಮವಾರ ಬಸವನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದಿರುವ ಪದ್ಧತಿಯು ಈ ನಾಡಿನ ಅನೇಕ ಕಡೆ ಬಹುಕಾಲದಿಂದ ನಡೆದುಬಂದಿದೆ. ಇವುಗಳಿಂದ ಎರಡು ಸಂಗತಿಗಳು ತಿಳಿಯುವುವು. ಮೊದಲನೆಯದು, ಬಿಡುವು ದುಡಿಮೆಯ ವಿರೋಧಿಯಲ್ಲ, ಅದರ ಅಂಗ. ಎರಡನೆಯದು, ಬಿಡುವು ತನಗೆ ಮಾತ್ರ ಬೇಕಾದುದಲ್ಲ. ತನಗಾಗಿ ದುಡಿಯುವ ಮೂಕಪ್ರಾಣಿಗೂ ಸಲ್ಲತಕ್ಕುದು.

ವಾರದ ರಜೆಯ ಚರಿತ್ರೆಯೂ ಇದನ್ನೇ ಸಾರುವುದು. ಇಂಗ್ಲೆಂಡಿನ ಬಟ್ಟೆಯ ಗಿರಣಿಗಳಲ್ಲಿ ಹೆಂಗಸರೂ ಕಿರಿಯರೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಬಿಡಬೇಕೆಂಬ ಕಾನೂನು 1850ರಲ್ಲಿ ಆಯಿತು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆಯು ದೊರೆತುದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹಲವು ವರ್ಷಗಳ ಹೋರಾಟದ ಫಲವಾಗಿ. ಅಮೆರಿಕದ ಹೆನ್ರಿ ಫೋರ್ಡ್ ತನ್ನ ಮೋಟಾರು ಕಾರ್ಖಾನೆಗಳಲ್ಲಿ ವಾರಕ್ಕೆ ಐದು ದಿನದ ಕೆಲಸವನ್ನು 1926ರಲ್ಲಿ ಜಾರಿಗೆ ತಂದನು. ಇಂದು ಮಧುಗಿರಿಯ ಹುಡುಗನೊಬ್ಬನು ಪರದೇಶದಲ್ಲಿ ಶನಿವಾರ ಬೆಳಗ್ಗೆ ಬೆಟ್ಟದ ದಾರಿ ಹಿಡಿಯುವನಾದರೆ, ಆ ಶನಿವಾರವು ಅವನಿಗೆ ಆಕಾಶದಿಂದ ಬಿದ್ದುದಲ್ಲ. ಅವನು ಹೆಸರು ಕೇಳದ ಸಾವಿರಾರು ಕೂಲಿಗಾರರು ಕೇಳಿ, ಕಾದು, ಕಷ್ಟಪಟ್ಟು ಗಳಿಸಿಕೊಟ್ಟುದು.

ಬಿಡುವು ಧರ್ಮ್ಯವೆಂದಾಯಿತು. ಆದರೆ ಮನೆಯನ್ನಗಲಿದವನಿಗೂ ಅದು ಸಲ್ಲುವುದೇ? ಅಗಲಿದವನು ಅಗಲಿಕೆಯ ನೋವಿನಲ್ಲಿಯೇ ಇರಬೇಕಲ್ಲದೆ ಪರರ ಬೆಟ್ಟವನ್ನು ಕಂಡು ಹರ್ಷಿಸುವುದು ಕೃತಘ್ನತೆಯಲ್ಲವೇ? ಈ ಪೂರ್ವಪಕ್ಷಕ್ಕೆ ಕಾವ್ಯಗಳಲ್ಲಿ ಉತ್ತರವಿದೆ. ಗಿರಿಯ ಮೇಲಿನ ಪ್ರವಾಸಿಗಳಲ್ಲಿ ಇಬ್ಬರು ಸರ್ವರಿಗೂ ಪರಿಚಿತರು. ಒಬ್ಬನು ಕಾಳಿದಾಸನ ಯಕ್ಷನು. ಮತ್ತೊಬ್ಬನು ಚಿತ್ರಕೂಟದ ಶ್ರೀರಾಮನು.

ಯಕ್ಷನು ತನ್ನ ಅಧಿಕಾರದಲ್ಲಿ ಎಚ್ಚರದಪ್ಪಿದುದಕ್ಕಾಗಿ ಒಡೆಯನಿಂದ ಒಂದು ವರ್ಷದ ಶಾಪವನ್ನು ಪಡೆದು ರಾಮಗಿರಿಯಲ್ಲಿ ದಿನ ನೂಕುತ್ತಿರುವನು. ಎಂಟು ತಿಂಗಳು ಕಳೆದು ಆಷಾಢವು ಮೊದಲಾದಾಗ ಮೋಡವನ್ನು ಕಂಡು, ಅಲಕಾಪುರಿಗೆ ಸಂದೇಶವನ್ನು ಹೇಳಿಕಳುಹುವನು. ಅವನ ಮನಸ್ಸೆಲ್ಲ ಅಲಕೆಯಲ್ಲಿ. ಆದರೂ ಮೋಡಕ್ಕೆ ದಾರಿ ಹೇಳುವಾಗ ನಡುವಿನ ನದಿ, ಗಿರಿ, ಊರು, ತೋಟಗಳನ್ನು ಎಷ್ಟು ಪ್ರೀತಿಯಿಂದ ವರ್ಣಿಸುವನೆಂಬುದನ್ನು ಗಮನಿಸಬೇಕು. ಮನೆಯ ಹಂಬಲವು ಪರಭೂಮಿಯ ಸೌಂದರ್ಯಕ್ಕೆ ಅವನ ಕಣ್ಣನ್ನು ಮುಚ್ಚಲಿಲ್ಲ, ಇನ್ನೂ ತೆರೆಯಿತು. ಮತ್ತೊಂದು ಅಂಶವೂ ಇಲ್ಲಿದೆ. ಕರ್ತವ್ಯವನ್ನು ತಿಂದುಹಾಕಿದ ಸುಖಕ್ಕಾಗಿಯೇ ಅವನಿಗೆ ಶಾಪ ಬಂದುದು. ಸುಖವು ದೋಷವಲ್ಲ, ಅದು ಕರ್ತವ್ಯದ ಕಾಲವನ್ನು ಆಕ್ರಮಿಸಿದುದು ದೋಷ.

ಶ್ರೀರಾಮನ ಪ್ರಸಂಗವು ಇನ್ನೂ ಗಂಭೀರವಾದುದು. ಅಯೋಧ್ಯಾಕಾಂಡದಲ್ಲಿ ಅವನು ಸೀತೆಗೆ ಚಿತ್ರಕೂಟದ ಧಾತುಗಳನ್ನೂ ಪಕ್ಷಿಗಳನ್ನೂ ಮರಗಳನ್ನೂ ತೋರಿಸುತ್ತ, ಈ ರಮ್ಯವಾದ ಗಿರಿಯನ್ನು ನೋಡುತ್ತಿದ್ದರೆ ರಾಜ್ಯವನ್ನು ಕಳೆದುಕೊಂಡುದೂ ಬಂಧುಗಳನ್ನು ಅಗಲಿದುದೂ ತನ್ನ ಮನಸ್ಸನ್ನು ಬಾಧಿಸುವುದಿಲ್ಲವೆಂದು ಹೇಳುವನು. ಇದನ್ನು ಹೇಳಿದವನು ತಂದೆಯ ಮಾತಿಗಾಗಿ ಕಾಡಿಗೆ ಬಂದವನು. ಪಿತೃಭಕ್ತಿಯಲ್ಲಿ ಅವನಿಗೆ ಪಾಠ ಹೇಳತಕ್ಕವರು ಯಾರೂ ಇಲ್ಲ. ಮುಂದೆ ಕೆಲವು ಸರ್ಗಗಳಲ್ಲಿಯೇ ತಂದೆಯ ಮರಣವಾರ್ತೆಯನ್ನು ಕೇಳಿ ಮೂರ್ಛಿತನಾಗುವವನೂ ಅವನೇ. ಬೆಟ್ಟವನ್ನು ಕಂಡು ಹರ್ಷಿಸುವುದೂ ತಂದೆಗಾಗಿ ಎದೆಯೊಡೆದು ಅಳುವುದೂ ಒಂದೇ ಹೃದಯದಲ್ಲಿ ಇರಬಲ್ಲವು. ಒಂದು ಇದ್ದರೆ ಇನ್ನೊಂದು ಇಲ್ಲವೆಂದು ಊಹಿಸುವುದು ಮನುಷ್ಯಸ್ವಭಾವವನ್ನು ಅರಿಯದವರ ಮಾತು. ಛಾಯಾಚಿತ್ರದಲ್ಲಿ ಮಗನು ನಗುತ್ತಿರುವನೆಂದು ಮನೆಯನ್ನು ಮರೆತನೆನ್ನುವ ತಂದೆಯು ಈ ಪ್ರಸಂಗವನ್ನೊಮ್ಮೆ ನೆನೆಯಬೇಕು.

ಅದೇ ಕಾಂಡದ ಕೊನೆಯಲ್ಲಿ ಸಾಮಾನ್ಯವಾಗಿ ಓದುಗರು ಗಮನಿಸದೆ ದಾಟುವ ಒಂದು ಸಂಗತಿಯಿದೆ. ಭರತನು ಪಾದುಕೆಗಳನ್ನು ಪಡೆದು ಹಿಂದಿರುಗಿದ ಮೇಲೆ ರಾಮನು ಚಿತ್ರಕೂಟವನ್ನು ಬಿಡುವನು. ಅದಕ್ಕೆ ಅವನು ಹೇಳುವ ಕಾರಣಗಳಲ್ಲಿ ಬಂಧುಗಳ ನೆನಪು ಒಂದು. ಭರತನ ಸೈನ್ಯವು ಬೀಡುಬಿಟ್ಟುದರಿಂದ ಆನೆ ಕುದುರೆಗಳ ಲದ್ದಿಯಿಂದ ಆ ಸ್ಥಳವು ತೀರ ಹಾಳಾಗಿದೆಯೆಂಬುದು ಇನ್ನೊಂದು. ಸೈನ್ಯದವರು ದುರುದ್ದೇಶದಿಂದ ಬಂದವರಲ್ಲ, ಭಕ್ತಿಯಿಂದ ಬಂದವರು. ಆದರೂ ಬಹಳ ಜನರು ಒಮ್ಮೆಗೆ ಬಂದು ಹೋದರೆ ಗಿರಿಯು ವಾಸಕ್ಕೆ ಅಯೋಗ್ಯವಾಗುವುದೆಂದು ಆದಿಕವಿಯು ಕಂಡುಕೊಂಡಿದ್ದನು. ಸದುದ್ದೇಶವು ಕೊಳೆಯನ್ನು ತೊಳೆಯಲಾರದು.

ಇಲ್ಲಿಗೆ ವಿಹಾರದ ಯುಕ್ತತೆಯ ಜೊತೆಗೆ ಅದರ ಮಿತಿಯೂ ಗೋಚರವಾಯಿತು. ಇನ್ನು ಪರಭೂಮಿಯೊಡನೆ ಪ್ರವಾಸಿಯ ಸಂಬಂಧವೇನೆಂಬುದನ್ನು ವಿಚಾರಿಸಬೇಕು. ಇದಕ್ಕೆ ಈ ನಾಡಿಗೇ ಬಂದು ಇದ್ದ ಪರದೇಶೀಯರ ಉದಾಹರಣೆಯು ಸಹಾಯಕವಾಗುವುದು. ಏಕೆಂದರೆ ಆತಿಥೇಯನ ಕಣ್ಣಿನಿಂದ ನೋಡಿದಾಗ ಅತಿಥಿಯ ಧರ್ಮವು ಸ್ಪಷ್ಟವಾಗಿ ಕಾಣುವುದು.

ಸರ್ ಮಾರ್ಕ್ ಕಬ್ಬನ್ನರು 1775ರಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪದಲ್ಲಿ ಹುಟ್ಟಿ, 1800ರಲ್ಲಿ ಇಂಡಿಯಕ್ಕೆ ಬಂದು, 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದರು. ನಂದಿದುರ್ಗದ ಮೇಲೆ ಮನೆ ಮಾಡಿಕೊಂಡು ಬೇಸಿಗೆಯಲ್ಲಿ ಅಲ್ಲಿ ತಂಗುತ್ತಿದ್ದರು. ಊರಿಗೆ ಹಿಂದಿರುಗುವಾಗ ದಾರಿಯಲ್ಲಿ ಸೂಯೆಜ್‌ನಲ್ಲಿ 1861ರಲ್ಲಿಯೇ ಕಾಲವಾದರು. ಅರವತ್ತು ವರ್ಷ ಪರದೇಶದಲ್ಲಿದ್ದವರಿಗೆ ಹುಟ್ಟಿದೂರನ್ನು ಮತ್ತೆ ಕಾಣುವ ಯೋಗವಿರಲಿಲ್ಲ. ಹಿಂದಿರುಗುವುದನ್ನು ನಾಳೆಗೆ ನಾಳೆಗೆ ಎಂದು ಮುಂದೂಡುತ್ತಿರುವ ಇಂದಿನ ಪ್ರವಾಸಿಗಳಿಗೂ ಈ ಸಂಗತಿಯು ಚಿಂತನೀಯವು.

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರಲ್ಲಿ ಮಧುಗಿರಿಯ ಸೀಮೆಯಲ್ಲಿಯೂ ಸಂಚರಿಸಿ, ಬೆಳೆ, ಬೆಲೆ, ಜನಜೀವನಗಳನ್ನೂ, ಚನ್ನರಾಯನದುರ್ಗದ ಕಡೆ ಕಬ್ಬಿಣವನ್ನು ಕರಗಿಸುತ್ತಿದ್ದ ಬಗೆಯನ್ನೂ ಬರೆದಿಟ್ಟನು. ಬಿ. ಎಲ್. ರೈಸ್ ಅವರು ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿದ್ಯಾ ಇಲಾಖೆಯ ಕೆಲಸದ ಮೇಲೆ ಊರೂರು ತಿರುಗುವಾಗ ಹೊಲಗದ್ದೆಗಳಲ್ಲಿಯೂ ಗುಡಿಯ ಅಂಗಳಗಳಲ್ಲಿಯೂ ಬಿದ್ದಿದ್ದ ಶಾಸನಗಳು ಅವರ ಕಣ್ಣಿಗೆ ಬಿದ್ದುವು. ಮುಂದೆ ಅವರು ಹೊರತಂದ ಶಾಸನಸಂಪುಟಗಳಲ್ಲಿ ಹನ್ನೆರಡನೆಯದು ತುಮಕೂರು ಜಿಲ್ಲೆಯದು. ಅದು 1904ರಲ್ಲಿ ಅಚ್ಚಾಯಿತು. ಮಧುಗಿರಿ, ಶಿರಾ, ಪಾವಗಡಗಳ ಕಲ್ಲುಗಳು ಏನನ್ನು ಹೇಳುತ್ತಿದ್ದುವೆಂಬುದನ್ನು ಇಲ್ಲಿಯವರೇ ಆ ಸಂಪುಟದಿಂದ ತಿಳಿದುಕೊಳ್ಳಬೇಕಾಯಿತು.

ಇವರು ಆಳುವ ಜಾತಿಗೆ ಸೇರಿದವರು, ಅತಿಥಿಗಳಲ್ಲ. ಕಾಗದದ ಮೇಲಿನ ಅನುಮತಿಯಿಂದ ಪರದೇಶದಲ್ಲಿರುವ ಇಂದಿನ ಮಕ್ಕಳೊಡನೆ ಇವರನ್ನು ಹೋಲಿಸುವುದು ಸರಿಯೇ ಎಂದು ಕೇಳಬಹುದು. ಆಕ್ಷೇಪವು ನ್ಯಾಯವಾದುದೇ. ಅಧಿಕಾರವಿದ್ದವನ ಸಂಚಾರಕ್ಕೆ ಅಡ್ಡಿಯಿಲ್ಲ. ಬುಕಾನನ್ನನ ಸಂಚಾರವೇ ಹೊಸದಾಗಿ ಗೆದ್ದ ನಾಡಿನ ಆದಾಯವನ್ನು ಅಳೆಯುವುದಕ್ಕಾಗಿ ಆದುದು. ಆದರೂ ಒಂದು ಸಾಮಾನ್ಯವಾದ ತತ್ತ್ವವು ಇದರಿಂದ ದೊರೆಯುವುದು. ಒಂದು ನಾಡು ತನ್ನಲ್ಲಿ ತಂಗಿದ್ದ ಪರಕೀಯನನ್ನು ನೆನೆಯುವಾಗ ಅವನು ಎಷ್ಟು ಬೆಟ್ಟಗಳನ್ನು ಹತ್ತಿದನೆಂದು ಲೆಕ್ಕವಿಡುವುದಿಲ್ಲ. ಅವನು ನೋಡಿದುದನ್ನು ಅರಿತನೇ, ಅರಿತುದರಿಂದ ಆ ನಾಡಿಗೇನಾದರೂ ಉಳಿಯಿತೇ ಎಂದು ನೋಡುವುದು. ರೈಸರ ಹೆಸರು ಇಂದಿಗೂ ಗೌರವದಿಂದ ಕೇಳಿಬರುವುದು ಈ ಕಾರಣದಿಂದ, ಅವರ ಅಧಿಕಾರದಿಂದಲ್ಲ.

ಪರದೇಶದ ಬೆಟ್ಟದ ಹಾದಿಗೂ ಹೀಗೆ ಅರಿಯತಕ್ಕ ಚರಿತ್ರೆಯಿರುವುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಪ್ರದೇಶವಿದೆ. ಬೇಟೆಗಾಗಿ ಧನಿಕರು ಅದನ್ನು ಕಾಯ್ದಿಟ್ಟುಕೊಂಡು ಸಾಮಾನ್ಯರಿಗೆ ಪ್ರವೇಶವಿಲ್ಲದಂತೆ ಮಾಡಿದ್ದರು. 1932ರ ಏಪ್ರಿಲ್ 24ರಂದು ನೂರಾರು ಮಂದಿ ದುಡಿಯುವ ಯುವಕರು ನಿಷೇಧವನ್ನು ಮೀರಿ ಅದನ್ನು ಹತ್ತಿದರು. ಅವರಲ್ಲಿ ಐವರಿಗೆ ಸೆರೆವಾಸವಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದಿತು. 1951ರಲ್ಲಿ ಆ ಪ್ರದೇಶವೇ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನದಲ್ಲಿ ಸೇರಿತು. 2000ದ ಕಾನೂನಿನಿಂದ ಇಂಗ್ಲೆಂಡು, ವೇಲ್ಸ್‌ಗಳ ಬೆಟ್ಟಬಯಲುಗಳಲ್ಲಿ ನಡೆದಾಡುವ ಹಕ್ಕು ಇನ್ನೂ ವಿಸ್ತಾರವಾಯಿತು. ನಾರ್ವೆಯಲ್ಲಿ 1957ರ ಕಾನೂನು ಯಾರು ಬೇಕಾದರೂ ಸಾಗುವಳಿಯಿಲ್ಲದ ನೆಲದಲ್ಲಿ ನಡೆಯಬಹುದು, ಡೇರೆ ಹಾಕಬಹುದೆಂದು ಹೇಳಿ, ಹಾಗೆಯೇ ವಾಸದ ಮನೆಯಿಂದ 150 ಮೀಟರು ದೂರವಿರಬೇಕು, ಅನುಮತಿಯಿಲ್ಲದೆ ಒಂದೇ ಕಡೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲಬಾರದು ಎಂದು ಕಟ್ಟುಮಾಡಿದೆ. ಅಲ್ಲಿ ಹಕ್ಕು ಕರ್ತವ್ಯಗಳು ಒಂದೇ ವಾಕ್ಯದಲ್ಲಿರುವುವು.

ತೈತ್ತಿರೀಯ ಸಂಹಿತೆಯು ದೇವಋಣ, ಋಷಿಋಣ, ಪಿತೃಋಣವೆಂದು ಮೂರನ್ನು ಹೇಳುವುದು. ಶತಪಥಬ್ರಾಹ್ಮಣವು ಇವುಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನು ಸೇರಿಸಿ, ಜನರಿಗೆ ಆಶ್ರಯವನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುವುದೆನ್ನುವುದು. ಪ್ರವಾಸಿಯ ಮೇಲೆ ವಿಶೇಷವಾಗಿ ಬೀಳುವುದು ಈ ನಾಲ್ಕನೆಯ ಋಣ. ಪರರು ಕಾದಿಟ್ಟ ಕಾಡಿನಲ್ಲಿ, ಪರರು ಸೆರೆಮನೆಗೆ ಹೋಗಿ ಗಳಿಸಿದ ಹಾದಿಯಲ್ಲಿ ಅವನು ನಡೆಯುತ್ತಿರುವನು. ಹಾದಿಯ ನಿಯಮವನ್ನು ಪಾಲಿಸುವುದು, ತಂದ ಕಸವನ್ನು ತಾನೇ ಹೊತ್ತೊಯ್ಯುವುದು, ಅಲ್ಲಿಯ ಗಿಡಮರಗಳ ಹೆಸರನ್ನು ಕಲಿಯುವುದು, ಹಾದಿ ಸವರುವ ಊರವರೊಡನೆ ಒಂದು ದಿನ ತಾನೂ ಕೈಸೇರಿಸುವುದು, ಹೊಸದಾಗಿ ಬಂದವನನ್ನು ಮನೆಗೆ ಕರೆದು ಊಟವಿಕ್ಕುವುದು ಇವೆಲ್ಲ ಆ ಋಣವನ್ನು ತೀರಿಸುವ ಬಗೆಗಳು. ಇಂಗ್ಲೆಂಡಿನಲ್ಲಿ 1983ರಲ್ಲಿ ಹುಟ್ಟಿದ ಕನ್ನಡ ಬಳಗದಂತಹ, ಉತ್ತರ ಕ್ಯಾಲಿಫೋರ್ನಿಯದಲ್ಲಿ 1973ರಲ್ಲಿ ಹುಟ್ಟಿದ ಕನ್ನಡ ಕೂಟದಂತಹ ಸಂಘಗಳು ಪರದೇಶದ ಒಂಟಿತನದಲ್ಲಿ ಅನೇಕರಿಗೆ ಆಸರೆಯಾಗಿವೆ. ಬೇಸಿಗೆಯಲ್ಲಿ ಇಂತಹ ಕೂಟದವರು ಉದ್ಯಾನವೊಂದರಲ್ಲಿ ನೆರೆದು ಚಿತ್ರಾನ್ನ ಮೊಸರನ್ನಗಳನ್ನು ಹಂಚಿಕೊಂಡು ಉಣ್ಣುವಾಗ, ಇಲ್ಲಿಯ ಕಾರ್ತಿಕ ಮಾಸದ ವನಭೋಜನವೇ ಸಮುದ್ರವನ್ನು ದಾಟಿ ಹೋಗಿರುವುದೆನ್ನಬಹುದು.

ಇಷ್ಟಾದರೂ ಪಿತೃಋಣದ ಪ್ರಶ್ನೆಯು ಉಳಿಯಿತು. ಇದೇ ಈ ವಿಚಾರದ ಕಠಿನವಾದ ಭಾಗ. ಬೆಟ್ಟಕ್ಕೆ ಕೊಟ್ಟ ಕಾಲವನ್ನು ಹೆತ್ತವರಿಗೆ ಕೊಡಬಾರದಾಗಿತ್ತೇ ಎಂಬ ಮಾತನ್ನು ಬಿಡಿಸಿ ನೋಡಬೇಕು. ಶನಿವಾರ ಭಾನುವಾರಗಳ ಎರಡು ದಿನದಲ್ಲಿ ಅಮೆರಿಕದಿಂದ ಪಾವಗಡಕ್ಕೆ ಬಂದು ಹೋಗುವುದು ಸಾಧ್ಯವಿಲ್ಲ. ಆ ಎರಡು ದಿನ ಮಗನು ಕೊಠಡಿಯಲ್ಲಿ ಬಾಗಿಲು ಮುಚ್ಚಿ ಕುಳಿತರೆ ತಾಯಿಗೆ ಒಂದು ಲೋಟ ನೀರೂ ದೊರೆಯುವುದಿಲ್ಲ. ಅವನ ದೇಹ ಕೆಡುವುದು, ಮನಸ್ಸು ಕುಗ್ಗುವುದು, ಮಕ್ಕಳು ಗೋಡೆಗಳ ನಡುವೆ ಬೆಳೆಯುವುವು. ಗಾಂಧೀಜಿಯವರು 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಓದುತ್ತಿದ್ದಾಗ ಗಾಡಿಯ ಖರ್ಚನ್ನು ಉಳಿಸಲು ದಿನವೂ ಹಲವು ಮೈಲಿ ನಡೆಯುತ್ತಿದ್ದರು. ಆ ದೇಶದಲ್ಲಿ ರೋಗವಿಲ್ಲದೆ ಇದ್ದುದಕ್ಕೆ ಆ ನಡಿಗೆಯೇ ಮುಖ್ಯ ಕಾರಣವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ಮಾಂಸ ಮದ್ಯಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತನ್ನು ಆ ಕಾಲದಲ್ಲಿಯೇ ಅವರು ಕಾಪಾಡಿಕೊಂಡುದು. ಆದುದರಿಂದ ವಾರದ ವಿಹಾರವು ತನ್ನಷ್ಟಕ್ಕೆ ಪಿತೃಋಣಕ್ಕೆ ಬಾಧಕವಲ್ಲ.

ಆದರೆ ದೂರವಾಣಿಯ ಅರ್ಧ ಗಂಟೆಯು ಬೇರೆ. ಅದಕ್ಕೆ ಸಮುದ್ರವು ಅಡ್ಡಿಯಲ್ಲ. ಛಾಯಾಚಿತ್ರವನ್ನು ಕಳುಹಿಸಿ ಮಾತನ್ನು ಉಳಿಸಿಕೊಳ್ಳುವವನು ತನ್ನ ಸುಖವನ್ನು ತೋರಿಸಿದನೇ ಹೊರತು ಹಂಚಿಕೊಳ್ಳಲಿಲ್ಲ. ಬೆಟ್ಟದ ಹಾದಿ ಹೇಗಿತ್ತು, ಯಾವ ಹಕ್ಕಿ ಕೂಗಿತು, ಮಗುವು ಎಲ್ಲಿ ಹಟ ಮಾಡಿತು ಎಂಬುದನ್ನು ತಾಯಿಗೆ ವಿವರವಾಗಿ ಹೇಳಿದರೆ ಆ ವಿಹಾರವು ಅವಳದೂ ಆಗುವುದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಮುಪ್ಪಿನಲ್ಲಿ ಅಮೆರಿಕವನ್ನು ಕಂಡುಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥವನ್ನು ಕನ್ನಡಿಗರು ಆದರಿಸಿದರು. 1980ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಹಿರಿಯರಿಗೆ ಪರದೇಶದ ಕುತೂಹಲವಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ.

ವರ್ಷದ ದೀರ್ಘ ರಜೆಯ ವಿಷಯವು ಇನ್ನೂ ಬೇರೆ. ಎರಡು ಮೂರು ವಾರಗಳ ಆ ರಜೆಯಲ್ಲಿ ಊರಿಗೆ ಬರುವುದೇ, ಇನ್ನೊಂದು ಹೊಸ ದೇಶದ ಗಿರಿಗಳನ್ನು ನೋಡುವುದೇ ಎಂಬ ಆಯ್ಕೆಯು ಪ್ರತಿ ವರ್ಷವೂ ಎದುರಾಗುವುದು. ಇಲ್ಲಿ ಕಾಲವು ನಿಜವಾಗಿಯೂ ಒಂದೇ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕಿಲ್ಲ. ಸಮಾನವಾದ ಎರಡು ಹಕ್ಕುಗಳು ಎದುರಾದಾಗ, ಮುಂದೂಡಿದರೆ ನಷ್ಟವಾಗದುದನ್ನು ಮುಂದೂಡಬೇಕೆಂಬುದು ವ್ಯವಹಾರಜ್ಞರ ನ್ಯಾಯ. ಆಲ್ಪ್ಸ್ ಪರ್ವತವು ಹತ್ತು ವರ್ಷದ ತರುವಾಯವೂ ಇದ್ದಲ್ಲಿಯೇ ಇರುವುದು. ಎಪ್ಪತ್ತೈದು ದಾಟಿದ ತಂದೆಯ ವಿಷಯದಲ್ಲಿ ಆ ಭರವಸೆಯಿಲ್ಲ. ಖರ್ಚು, ಮಕ್ಕಳ ಶಾಲೆ, ಉದ್ಯೋಗದ ಒತ್ತಾಯ ಇವುಗಳಿಂದ ಬರಲಾಗದವರಿರುವರು; ಅವರ ಮೇಲೆ ದೋಷವಿಲ್ಲ. ಬರಲು ಶಕ್ತಿಯಿದ್ದು ಬಾರದವರಿಗೆ ಮಾತ್ರ ಈ ಮಾತು ಸಲ್ಲುವುದು, ಮತ್ತು ಅದನ್ನು ಮೆತ್ತಗೆ ಮಾಡಿ ಹೇಳುವುದರಿಂದ ಯಾರಿಗೂ ಉಪಕಾರವಿಲ್ಲ.

ಹೀಗೆ ಮಕ್ಕಳನ್ನು ವಿಮರ್ಶಿಸಿದ ಮೇಲೆ ಊರಿನಲ್ಲಿರುವವರೂ ತಮ್ಮನ್ನು ವಿಮರ್ಶಿಸಿಕೊಳ್ಳುವುದು ನ್ಯಾಯ. ಪರರ ಬೆಟ್ಟವನ್ನು ಸುತ್ತುವರೆಂದು ಆಡಿಕೊಳ್ಳುವವರು ತಮ್ಮ ಬೆಟ್ಟವನ್ನು ಎಷ್ಟು ಬಲ್ಲರು? ಮಧುಗಿರಿಯ ಏಕಶಿಲಾಗಿರಿಯು 3,930 ಅಡಿ ಎತ್ತರವಾದುದು. ಅದರ ಬುಡದಲ್ಲಿಯೇ ಮುಪ್ಪಾದವರಲ್ಲಿ ಒಮ್ಮೆಯೂ ತುದಿಯನ್ನು ಮುಟ್ಟದವರಿರುವರು. ಭಾನುವಾರ ಬೆಂಗಳೂರಿನಿಂದ ಬರುವ ತರುಣರ ಗುಂಪುಗಳು ಕೋಟೆಯ ಬಾಗಿಲುಗಳನ್ನು ದಾಟಿ ಹತ್ತಿ ಇಳಿಯುವುವು. ಅವರಲ್ಲಿ ಕೆಲವರು ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳನ್ನು ನೋಡಿದರೆ ಭರತನ ಸೈನ್ಯದ ನೆನಪಾಗುವುದು. ಆದರೆ ಸಿದ್ಧರಬೆಟ್ಟದಲ್ಲಿಯಾಗಲಿ ಜಾತ್ರೆಗಳಲ್ಲಿಯಾಗಲಿ ಕೊಳೆ ಮಾಡುವವರೆಲ್ಲ ಹೊರಗಿನವರೇ ಎಂದು ಹೇಳಲಾಗದು. ಪರದೇಶದಲ್ಲಿ ಕಸವನ್ನು ಹೊತ್ತು ಹಿಂದಕ್ಕೆ ತರುವ ಹುಡುಗನು ಊರಿಗೆ ಬಂದಾಗ ದಾರಿಯಲ್ಲೆಸೆಯುವನಾದರೆ ಅವನು ಕಲಿತುದು ದಂಡದ ಭಯ, ಧರ್ಮವಲ್ಲ.

ಒಳ್ಳೆಯ ಆತಿಥ್ಯದ ಉದಾಹರಣೆಯೂ ಇದೇ ಸೀಮೆಯಲ್ಲಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳೂ ಬೂದುಬಣ್ಣದ ಬಕಗಳೂ ವರ್ಷವರ್ಷವೂ ಬಂದು, ಊರ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳನ್ನು ಸಾಕಿಕೊಂಡು ಹಾರಿಹೋಗುವುವು. ಹಕ್ಕಿಗಳ ಗಲಾಟೆ, ಹಿಕ್ಕೆ, ನಾತ ಇವುಗಳನ್ನು ಸಹಿಸಿಕೊಂಡು ಊರವರು ಅವುಗಳನ್ನು ಕಾಯುವರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 798 ಎಕರೆಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಾಯಿತು. ಅದರ ಸುತ್ತಲ ಹೊಲಗಳವರೂ ಜಿಂಕೆಗಳಿಗೆ ಬೆಳೆಯಲ್ಲಿ ಒಂದು ಪಾಲನ್ನು ಬಿಡಬೇಕಾಗುವುದು. ನೋಡಲು ಬರುವವನ ಅರ್ಧ ದಿನದ ಆನಂದವು ಇಂತಹವರ ವರ್ಷವಿಡೀ ಸಹನೆಯ ಮೇಲೆ ನಿಂತಿದೆ. ಪರದೇಶದ ಉದ್ಯಾನಗಳಲ್ಲಿ ಆನಂದಪಡುವವನೂ ಅಲ್ಲಿಯ ಇಂತಹ ಜನರನ್ನು ಹುಡುಕಿ ಕಾಣಬೇಕು.

ಕೊನೆಯದಾಗಿ, ರಜೆಯೇ ಇಲ್ಲದ ಪ್ರವಾಸಿಗಳನ್ನು ಮರೆಯಬಾರದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಾವಗಡದ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೋಗುವವರೂ ಪ್ರವಾಸಿಗಳೇ. ಅವರಿಗೆ ರಜೆಯೆಂದರೆ ಕೂಲಿಯಿಲ್ಲದ ದಿನ. ಆ ದಿನ ಒಲೆ ಹೊತ್ತುವುದೇ ಸಂದೇಹ. ಭಾನುವಾರ ಬೆಟ್ಟಕ್ಕೆ ಹೋಗುವ ಉದ್ಯೋಗಸ್ಥನ ಮನೆಯನ್ನು ಆ ಭಾನುವಾರವೂ ಗುಡಿಸುತ್ತಿರುವವಳು, ಅವನು ಮುಂದೆ ಇರಬೇಕಾದ ಕಟ್ಟಡಕ್ಕೆ ಗಾರೆ ಕಲಸುತ್ತಿರುವವನು ಈ ತಾಲ್ಲೂಕುಗಳಿಂದಲೇ ಹೋದವರಾಗಿರಬಹುದು. ಎತ್ತಿಗೆ ಸೋಮವಾರದ ಬಿಡುವನ್ನು ಕೊಟ್ಟ ಸಮಾಜವು ಮನೆಗೆಲಸದವಳಿಗೆ ಸಂಬಳ ಸಹಿತವಾದ ಒಂದು ದಿನವನ್ನು ಕೊಡಲಾರದೆ? ತಾನು ದುಡಿಸಿಕೊಳ್ಳುವವರಿಗೆ ಬಿಡುವನ್ನು ಕೊಡದೆ ತಾನು ಮಾತ್ರ ವಿಹರಿಸುವುದು, ಅದು ಹಿಮಾಲಯದಲ್ಲಾದರೂ ಸರಿ, ಧರ್ಮ್ಯವಲ್ಲ.

ಈ ವಿಚಾರದ ಫಲಿತವನ್ನು ಹೀಗೆ ಸಂಗ್ರಹಿಸಬಹುದು. ಪರದೇಶವಾಸಿಯ ವಿಹಾರವು ನಿಷಿದ್ಧವಲ್ಲ. ದೇಹಮನಸ್ಸುಗಳ ರಕ್ಷಣೆಗೆ ಅದು ಬೇಕಾದುದೇ. ಆದರೆ ಅದು ಕರ್ತವ್ಯದ ಕಾಲವನ್ನು ಕಬಳಿಸಬಾರದು. ನಡೆದ ನೆಲವನ್ನು ಕೆಡಿಸಬಾರದು. ಆ ನೆಲವನ್ನು ಕಾಯ್ದವರ ಋಣವನ್ನು ಮರೆಯಬಾರದು. ತನ್ನ ಬಿಡುವಿಗಾಗಿ ಇತರರ ಬಿಡುವನ್ನು ಕಸಿಯಬಾರದು. ಹಿರಿಯರಾದವರು ಮಕ್ಕಳ ನಗುವನ್ನು ಮರೆವೆಂದು ತಿಳಿಯಬಾರದು. ಮನಸ್ಸಿನ ನೋವನ್ನು ಮೌನದಲ್ಲಿ ಬೆಳೆಸುವುದಕ್ಕಿಂತ, ‘ಮುಂದಿನ ವಾರ ಬೆಟ್ಟದಿಂದ ಇಳಿದ ಮೇಲೆ ಒಂದು ಸಲ ಮಾತನಾಡಪ್ಪ’ ಎಂದು ಕೇಳಿಬಿಡುವುದು ಲೇಸು. ಮಕ್ಕಳು ಊರಿಗೆ ಬಂದಾಗ ಒಂದು ಬೆಳಗ್ಗೆ ಮೊಮ್ಮಕ್ಕಳನ್ನು ಮಧುಗಿರಿಯ ಬೆಟ್ಟಕ್ಕೋ ಚನ್ನರಾಯನದುರ್ಗಕ್ಕೋ ನಿಡಗಲ್ಲಿಗೋ ಕರೆದುಕೊಂಡು ಹೋಗಬೇಕು. ತುದಿಯವರೆಗೆ ಹತ್ತಲಾಗದ ಅಜ್ಜನು ಮೊದಲನೆಯ ಬಾಗಿಲಿನಲ್ಲಿಯೇ ಕುಳಿತು, ತನಗೆ ತಿಳಿದಷ್ಟು ಆ ಕೋಟೆಯ ಕಥೆಯನ್ನು ಹೇಳಲಿ; ಮಕ್ಕಳು ತಾವು ಕಂಡ ಪರದೇಶದ ಬೆಟ್ಟಗಳ ಕಥೆಯನ್ನು ಅವನಿಗೆ ಹೇಳಲಿ.